ಮೂಲರೂಪಗಳನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ಕತೆಗಳಲ್ಲಿ ವೀರ, ಗುರು, ಕಿಡಿಗೇಡಿ ಮುಂತಾದ ಮೂಲರೂಪಗಳು ಮರಳಿ ಮರಳಿ ಬರುತ್ತವೆ ಎನ್ನುತ್ತಾರೆ. ಚಿತ್ರಗಳಲ್ಲೂ ನನ್ನದೇ ಬದುಕಿನಲ್ಲೂ ಅವನ್ನು ಗುರುತಿಸುವುದು ಹೇಗೆ?

ಉತ್ತರ: ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ (1875–1961) 1919ರಿಂದ ಬಳಸಿದ ‘ಆರ್ಕಿಟೈಪ್’ (ಮೂಲರೂಪ) ಎಂಬ ಪದಕ್ಕೆ ಗ್ರೀಕ್ ಮೂಲದಲ್ಲಿ ‘ಮೊದಲ ಅಚ್ಚು’ ಎಂಬರ್ಥವಿದೆ. ಅಚ್ಚು ಖಾಲಿಯಾಗಿರುತ್ತದೆ ಎಂಬುದನ್ನು ಮರೆತವರು ಬಿಳಿಗಡ್ಡ ಕಂಡೊಡನೆ ‘ಗುರು’ ಎಂದುಬಿಡುತ್ತಾರೆ. ನೋಡಬೇಕಾದದ್ದು ವೇಷವನ್ನಲ್ಲ, ಪಾತ್ರ ಮಾಡುವ ಕೆಲಸವನ್ನು. ನಾಯಕನಿಗೆ ಬೇಕಾದ ಅರಿವನ್ನೋ ಆಯುಧವನ್ನೋ ಕೊಟ್ಟು, ನಿರ್ಣಾಯಕ ಗಳಿಗೆಗೆ ಮೊದಲೇ ಪಕ್ಕಕ್ಕೆ ಸರಿಯುವವಳು ಹತ್ತು ವರ್ಷದ ಹುಡುಗಿಯಾಗಿದ್ದರೂ ಆ ಕತೆಯ ಗುರು ಅವಳೇ. ಎಲ್ಲರೂ ಮುಚ್ಚಿಟ್ಟದ್ದನ್ನು ನಗುನಗುತ್ತಲೇ ಬಯಲಿಗೆಳೆಯುವವನು ಕಿಡಿಗೇಡಿ.

ಬಿಡಿಸಿದ ಚಿತ್ರದಲ್ಲಿ ಕತೆ ಒಂದೇ ಗಳಿಗೆಯಲ್ಲಿ ನಿಂತಿರುತ್ತದೆ. ಆದ್ದರಿಂದ ಕೈ, ನೋಟ ಮತ್ತು ಎಲ್ಲೆಗಳನ್ನು ಗಮನಿಸಿ. ಅರೆತೆರೆದ ಬಾಗಿಲ ಚಿಲಕದ ಮೇಲೆ ಕೈಯಿಟ್ಟು, ಮುಖವನ್ನು ಮಾತ್ರ ಒಳಗಿನ ದೀಪದತ್ತ ತಿರುಗಿಸಿರುವ ಹೆಂಗಸು ಹೊರಡಲು ಹಿಂಜರಿಯುವ ವೀರಳಾಗಿರಬಹುದು.

ಬದುಕಿನಲ್ಲಿ ಇದು ಕಷ್ಟ. ‘ನಿಮ್ಮ ಮೂಲರೂಪ ಯಾವುದು’ ಎಂದು ಹತ್ತು ಪ್ರಶ್ನೆಗಳಲ್ಲಿ ಹೇಳಿಬಿಡುವ ಪರೀಕ್ಷೆಗಳನ್ನು ನಾನಂತೂ ನಂಬುವುದಿಲ್ಲ. ಅದಕ್ಕಿಂತ ಅಳತೆ ಮೀರಿದ ಭಾವನೆಯನ್ನು ಹಿಂಬಾಲಿಸುವುದು ಮೇಲು: ಸಹೋದ್ಯೋಗಿಯ ಸಣ್ಣ ಜಂಬಕ್ಕೆ ನೀವು ಸಂಜೆಯವರೆಗೂ ಕುದಿಯುತ್ತಿದ್ದರೆ, ನಮ್ಮಲ್ಲೇ ಇದ್ದು ನಾವು ಒಪ್ಪಿಕೊಳ್ಳದ ಭಾಗಕ್ಕೆ ಯೂಂಗ್ ಕೊಟ್ಟ ‘ನೆರಳು’ ಎಂಬ ಹೆಸರನ್ನು ನೆನೆಯಬಹುದು; ಅದೂ ಒಂದು ಮೂಲರೂಪವೇ. ಹಿಂದಿನ ಮೂರು ಜಗಳಗಳನ್ನು ಬರೆದಿಟ್ಟು ನೋಡಿ. ಮೂರರಲ್ಲೂ ನೀವು ಒಂದೇ ಪಾತ್ರ ವಹಿಸಿರುವ ಸಾಧ್ಯತೆಯಿದೆ.