ಡಬ್ಬಿ ಸಿಕ್ತು, ಮುಂದೇನು? ಜಿಯೋಕ್ಯಾಶಿಂಗ್ ಬಗ್ಗೆ ಓದುಗರ ಪ್ರಶ್ನೆಗಳು

ಹೋದ ತಿಂಗಳು ಜಿಯೋಕ್ಯಾಶಿಂಗ್ ಬಗ್ಗೆ ಎರಡು ಪುಟ ಬರ್ದಿದ್ದೆ. ಯಾರೋ ಒಬ್ಬರು ಕಾಡಲ್ಲೋ ಪಾರ್ಕಲ್ಲೋ ಒಂದು ಡಬ್ಬಿ ಬಚ್ಚಿಟ್ಟು ಅದರ ಅಕ್ಷಾಂಶ ರೇಖಾಂಶ ಆಪಲ್ಲಿ ಹಾಕ್ತಾರೆ, ನಾವು ಜಿಪಿಎಸ್ ಹಿಡ್ಕೊಂಡು ಹೋಗಿ ಹುಡುಕ್ತೀವಿ, ಒಳಗಿರೋ ಲಾಗ್‌ಬುಕ್ಕಲ್ಲಿ ಹೆಸರು ಬರ್ದು ಡಬ್ಬಿ ಎಲ್ಲಿತ್ತೋ ಅಲ್ಲೇ ಇಟ್ಟು ಬರ್ತೀವಿ, ಇಷ್ಟೇ ಆಟ. ಆ ಡಬ್ಬಿಗೆ ಕ್ಯಾಶ್ ಅಂತಾರೆ, ದುಡ್ಡಿಗೂ ಅದಕ್ಕೂ ಸಂಬಂಧ ಇಲ್ಲ. ಪತ್ರಗಳು ಎಷ್ಟೊಂದು ಬಂದಿವೆ ಅಂದ್ರೆ ನಂಗೆ ನಿಜವಾಗ್ಲೂ ಖುಷಿ ಆಯ್ತು, ಎಲ್ಲದಕ್ಕೂ ಇಲ್ಲಿ ಜಾಗ ಇಲ್ಲ, ಮತ್ತೆ ಮತ್ತೆ ಕೇಳಿದ್ದನ್ನ ತಗೊಂಡಿದೀನಿ.

ಪ್ರಶ್ನೆ: ಅಕ್ಕಾ, ನಾವು ಒರೆಗಾನಿನ ಹಿಲ್ಸ್‌ಬರೋದಲ್ಲಿ ಇರೋದು. ಹೋದ ಶನಿವಾರ ನಮ್ಗೆ ಮೊದಲನೇ ಡಬ್ಬಿ ಸಿಕ್ತು. ಆರು ವರ್ಷದ ಮಗಳು ಒಳಗಿದ್ದ ಸಣ್ಣ ಕುದುರೆ ಬೊಂಬೆ ತಗೊಂಡ್ಳು, ಜೊತೆಗೆ ನಂಬರ್ ಕೊರೆದಿರೋ ಒಂದು ಲೋಹದ ಬಿಲ್ಲೆನೂ ತಂದ್ಬಿಟ್ಳು. ನಮ್ಮ ಹತ್ರ ಇಡೋಕೆ ಏನೂ ಇರ್ಲಿಲ್ಲ. ತಪ್ಪಾಯ್ತಾ?

ಆಯ್ತು, ಆದ್ರೆ ಸರಿ ಮಾಡೋಕೆ ಆಗುತ್ತೆ, ಗಾಬರಿ ಆಗ್ಬೇಡಿ. ಬೊಂಬೆ ವಿಷಯ ಮೊದಲು. ತಗೊಂಡ್ರೆ ಅಷ್ಟೇ ಬೆಲೆಯದ್ದೋ ಇಲ್ಲಾ ಸ್ವಲ್ಪ ಜಾಸ್ತಿದೋ ಇನ್ನೊಂದು ಇಡ್ಬೇಕು, ಇಡೋಕೆ ಇಲ್ಲ ಅಂದ್ರೆ ಹೆಸರು ಬರ್ದು ಸುಮ್ನೆ ಬರ್ಬೇಕು. ಬೆಲೆ ಅಂದ್ರೆ ಡಾಲರ್ ಲೆಕ್ಕ ಅಲ್ಲ, ನಿಮ್ಮ ನಂತರ ಡಬ್ಬಿ ತೆಗೆಯೋ ಮಗುವಿಗೆ ಅದು ಇಷ್ಟ ಆಗುತ್ತಾ ಅನ್ನೋದು. ಎಷ್ಟೋ ಡಬ್ಬಿಗಳು ಮೊದಲ ವಾರ ಚೆನ್ನಾಗಿದ್ದು ಆರು ತಿಂಗಳಿಗೆ ಮುರಿದ ಆಟಿಕೆ, ಹಳೇ ರಸೀದಿ, ತುಕ್ಕು ಹಿಡಿದ ಕ್ಲಿಪ್ ತುಂಬ್ಕೊಂಡಿರ್ತವೆ, ಅದನ್ನ ನೋಡಿದಾಗ ನಂಗೆ ಹೊಟ್ಟೆ ಉರಿಯುತ್ತೆ. ನಾನು ಊರಿಗೆ ಹೋದಾಗೆಲ್ಲ ಚನ್ನಪಟ್ಟಣದ ಸಣ್ಣ ಬುಗುರಿ ಒಂದಿಪ್ಪತ್ತು ತರ್ತೀನಿ, ಬ್ಯಾಗಲ್ಲಿ ಯಾವಾಗ್ಲೂ ಎರಡು ಮೂರು ಇರುತ್ತೆ. ಮುಂದಿನ ಶನಿವಾರ ಮಗಳನ್ನೇ ಕರ್ಕೊಂಡು ಹೋಗಿ ಅವಳ ಕೈಯಲ್ಲೇ ಏನಾದ್ರೂ ಇಡ್ಸಿ.

ಚಿಕ್ಕಿ, ಚಾಕಲೇಟು, ಊದುಬತ್ತಿ, ಪರಿಮಳದ ಸೋಪು ಇದ್ಯಾವ್ದೂ ಇಡ್ಬೇಡಿ. ವಾಸನೆಗೆ ಪ್ರಾಣಿಗಳು ಬಂದು ಡಬ್ಬಿ ಕಚ್ಚಿ ಹಾಕ್ತವೆ. ನಿಮ್ಮ ಊರಿನ ಹತ್ರಾನೇ ಈ ಆಟ ಹುಟ್ಟಿದ್ದು ಗೊತ್ತಾ? 2000ದ ಮೇ ಮೊದಲ ವಾರ ಅಮೆರಿಕ ಸರ್ಕಾರ ಜಿಪಿಎಸ್ ಸಿಗ್ನಲ್ಲಿಗೆ ಬೇಕಂತಲೇ ಸೇರಿಸ್ತಿದ್ದ ದೋಷ ತೆಗೀತು, ಅಲ್ಲಿವರೆಗೂ ಸಾಮಾನ್ಯ ಜನರ ರಿಸೀವರ್ ಸುಮಾರು 100 ಮೀಟರ್ ಆಚೀಚೆ ತೋರಿಸ್ತಿತ್ತು. ದೋಷ ಹೋದ ಬೆನ್ನಲ್ಲೇ, ಮೇ 3ಕ್ಕೆ, ಡೇವ್ ಉಲ್ಮರ್ ಅನ್ನೋರು ಪೋರ್ಟ್‌ಲ್ಯಾಂಡ್ ಆಚೆ ಬೀವರ್‌ಕ್ರೀಕ್ ಹತ್ರ ಒಂದು ಕಪ್ಪು ಬಕೆಟ್ಟನ್ನ ಅರ್ಧ ಹೂತಿಟ್ಟು ಜಾಗದ ಅಂಕೆಗಳನ್ನ ಇಂಟರ್ನೆಟ್ಟಲ್ಲಿ ಹಾಕಿದ್ರು. ಒಳಗೆ ಪುಸ್ತಕ, ವಿಡಿಯೋ, ಒಂದು ಕವಣೆ, ಒಂದು ಡಬ್ಬಿ ಬೀನ್ಸು. ಇವತ್ತಿನ ನಿಯಮದಲ್ಲಿ ಜಾಗದವರ ಅನುಮತಿ ಇಲ್ದೆ ಗುಂಡಿ ತೋಡಿ ಹೂಳೋ ಹಾಗಿಲ್ಲ, ತಿನ್ನೋದು ಇಡೋ ಹಾಗಿಲ್ಲ, ಮೊಟ್ಟಮೊದಲ ಡಬ್ಬಿಯಲ್ಲಿ ಎರಡೂ ಇತ್ತು! ನಿಯಮಗಳು ಆಮೇಲೆ ಒಂದೊಂದೇ ಪೆಟ್ಟು ತಿಂದು ಕಲಿತಿದ್ದು. ಈಗ ಆ ಜಾಗದಲ್ಲಿ ಒಂದು ಸ್ಮಾರಕ ಫಲಕ ಇದೆ, ಹೋಗಿ ನೋಡಿ ಬನ್ನಿ.

ಆ ಬಿಲ್ಲೆ ಟ್ರಾವೆಲ್ ಬಗ್. ಅದು ಬದಲಾಯಿಸಿಕೊಳ್ಳೋ ಸಾಮಾನಲ್ಲ, ಅದಕ್ಕೆ ಒಬ್ಬ ಮಾಲೀಕರು ಇದ್ದಾರೆ, ಡಬ್ಬಿಯಿಂದ ಡಬ್ಬಿಗೆ ಊರೂರು ಸುತ್ತಬೇಕು ಅಂತ ಬಿಟ್ಟಿರ್ತಾರೆ. ಕೊರೆದಿರೋ ಕೋಡ್ ಆಪಲ್ಲಿ ಹಾಕಿ, ಅದು ಎಲ್ಲಿಂದ ಹೊರಟಿದೆ ಎಲ್ಲಿಗೆ ಹೋಗ್ಬೇಕು ಅಂತ ಬರುತ್ತೆ, ನಿಮ್ಮ ಕೈಗೆ ಬಂದಿದೆ ಅಂತ ದಾಖಲಿಸಿ ಎರಡು ವಾರದ ಒಳಗೆ ಬೇರೆ ಡಬ್ಬಿಗೆ ಹಾಕಿ, ತಡ ಆಗುತ್ತೆ ಅಂದ್ರೆ ಮಾಲೀಕರಿಗೆ ಒಂದು ಸಾಲು ಬರೀರಿ. ಅದರ ಬದಲು ಏನೂ ಇಡ್ಬೇಕಿಲ್ಲ. ಕೋಡ್ ಕಾಣೋ ಹಾಗೆ ಫೋಟೋ ಮಾತ್ರ ಎಲ್ಲೂ ಹಾಕ್ಬೇಡಿ, ಹಾಕಿದ್ರೆ ಕೈಯಲ್ಲಿ ಮುಟ್ಟದೇ ಇರೋರೂ ನೋಡಿದೆ ಅಂತ ಬರ್ಕೊಳ್ತಾರೆ. ನನ್ನದೊಂದು ಬಗ್ ಯಾರದ್ದೋ ಮನೆ ಡ್ರಾಯರಲ್ಲಿ ಸೇರಿ ನಾಲ್ಕು ವರ್ಷ ಆಯ್ತು, ಇವತ್ತಿಗೂ ಅದರ ಪುಟ ತೆಗೆದು ನೋಡ್ತೀನಿ.

ಪ್ರಶ್ನೆ: ಡಬ್ಬಿ ಮರದ ಮೇಲೆ ಸುಮಾರು 20 ಅಡಿ ಎತ್ತರದಲ್ಲಿ ನೇತಾಡ್ತಾ ಇತ್ತು, ಕಣ್ಣಾರೆ ಕಂಡೆ, ಫೋಟೋನೂ ಇದೆ, ಹತ್ತೋಕೆ ಆಗ್ಲಿಲ್ಲ. ಸಿಕ್ತು ಅಂತ ಆಪಲ್ಲಿ ಲಾಗ್ ಮಾಡ್ಬೋದಾ? ನನ್ನ ಫ್ರೆಂಡ್ ಮಾಡು ಏನಾಗಲ್ಲ ಅಂತಾನೆ.

ಮಾಡ್ಬೇಡಿ. ಲಾಗ್‌ಬುಕ್ಕಲ್ಲಿ ನಿಮ್ಮ ಹೆಸರು ಬಿದ್ರೆ ಮಾತ್ರ ಸಿಕ್ತು ಅಂತ, ಈ ಆಟದಲ್ಲಿ ಇದೊಂದೇ ಗಟ್ಟಿ ಸಾಕ್ಷಿ. ಹೆಸರು ಇಲ್ಲ ಅಂದ್ರೆ ನಿಮ್ಮ ಲಾಗ್ ಅಳಿಸೋ ಹಕ್ಕು ಡಬ್ಬಿ ಇಟ್ಟವರಿಗೆ ಇದೆ, ಹೆಸರು ಇದ್ರೆ ಸಾಮಾನ್ಯವಾಗಿ ಅವರು ಬೇರೆ ಷರತ್ತು ಹಾಕಿ ಬೇಡ ಅನ್ನೋ ಹಾಗಿಲ್ಲ. ಆಪಲ್ಲಿ ಕಷ್ಟ ಎಷ್ಟು, ದಾರಿ ಎಷ್ಟು ಕಡಿದು ಅಂತ 1ರಿಂದ 5ರವರೆಗೆ ಎರಡು ಅಂಕೆ ಇರುತ್ತಲ್ಲ, ನೀವು ಹೇಳೋ ಡಬ್ಬಿಗೆ ದಾರಿಯ ಅಂಕೆ ಖಂಡಿತ ಜಾಸ್ತಿ ಇರುತ್ತೆ, ಅಂದ್ರೆ ಕಂಡುಹಿಡಿಯೋದಲ್ಲ, ಹತ್ತೋದೇ ಅಲ್ಲಿ ಆಟ. ಮರ ಹತ್ತೋಕೆ ಬರೋ ಸ್ನೇಹಿತರನ್ನ ಕರ್ಕೊಂಡು ಹೋಗಿ ಅವರು ಮೇಲೆ ಬರೀವಾಗ ನೀವು ಕೆಳಗೆ ನಿಂತಿದ್ರೆ ಇಬ್ಬರ ಹೆಸರೂ ಬರೆಯೋದು ರೂಢಿಯಲ್ಲಿ ಇದೆ, ಸಾಮಾನ್ಯವಾಗಿ ಯಾರೂ ತಕರಾರು ಮಾಡಲ್ಲ.

ಅಲ್ಲಿವರೆಗೆ ಡಿಎನ್‌ಎಫ್ ಹಾಕಿ, ಸಿಗಲಿಲ್ಲ ಅಂತ. ನಮ್ಮವರಿಗೆ ಇದು ಹಾಕೋಕೆ ನಾಚಿಕೆ, ಪರೀಕ್ಷೆಯಲ್ಲಿ ಫೇಲ್ ಆದ ಹಾಗೆ ಅನ್ಸುತ್ತೆ, ಆದ್ರೆ ಸಾಲಾಗಿ ನಾಲ್ಕು ಡಿಎನ್‌ಎಫ್ ಬಿದ್ರೆ ತಾನೇ ಡಬ್ಬಿ ಇಟ್ಟವರಿಗೆ ಹೋಗಿ ನೋಡ್ಬೇಕು ಅಂತ ಗೊತ್ತಾಗೋದು. ನೀವು ಹಾಕದೇ ಇದ್ರೆ ಐದನೆಯವರು ಮಕ್ಕಳನ್ನ ಕರ್ಕೊಂಡು ಒಂದು ಗಂಟೆ ಡ್ರೈವ್ ಮಾಡಿ ಬಂದು ಬರಿಗೈಲಿ ಹೋಗ್ತಾರೆ.

ಪ್ರಶ್ನೆ: ನಾನು ತಿಪಟೂರಿನ ಕಡೆಯವನು, ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಮಗನ ಮನೆಗೆ ರೆಡ್ಮಂಡಿಗೆ ಬಂದಿದೀನಿ. ಮೊಮ್ಮಗನ ಜೊತೆ ಡಬ್ಬಿ ಹುಡುಕೋಕೆ ಹೋಗ್ತೀನಿ. ಯಾರಾದ್ರೂ ಬಂದ್ರೆ ಅವನು ನನ್ನ ಕೈ ಹಿಡಿದು ತಡೀತಾನೆ, ಏನೂ ಗೊತ್ತಿಲ್ಲದ ಹಾಗೆ ಆಕಾಶ ನೋಡ್ತಾ ನಿಲ್ಬೇಕಂತೆ. ಮಕ್ಕಳಿಗೆ ಕದ್ದುಮುಚ್ಚಿ ನಡೆಯೋದು ಕಲಿಸಿದ ಹಾಗಾಗಲ್ವೇನಮ್ಮಾ?

ಮೇಷ್ಟ್ರೇ, ನಿಮ್ಮ ಪ್ರಶ್ನೆ ಓದಿ ಎರಡು ದಿನ ಯೋಚನೆ ಮಾಡ್ದೆ. ಮೊಮ್ಮಗ ಹೇಳೋದು ಈ ಆಟದ ರೂಢಿಯೇ. ಆಟ ಗೊತ್ತಿಲ್ಲದವರಿಗೆ ಇಲ್ಲಿ ಮಗಲ್ ಅಂತಾರೆ, ಅವರ ಎದುರಿಗೆ ಡಬ್ಬಿ ತೆಗೆಯಲ್ಲ, ಯಾಕಂದ್ರೆ ನಾವು ಹೋದ ಮೇಲೆ ಕುತೂಹಲಕ್ಕೆ ತೆಗೆದು ನೋಡಿ ಎಲ್ಲೋ ಬಿಸಾಕಿದ್ರೆ ಒಬ್ಬರ ಶ್ರಮ ಹಾಳು. ಹಕ್ಕಿ ಗೂಡು ಕಂಡಾಗ ಎಲ್ಲರಿಗೂ ಕೂಗಿ ಹೇಳಲ್ವಲ್ಲ, ನಾನು ಇದನ್ನ ಹಾಗೇ ನೋಡ್ತೀನಿ. ಆದ್ರೆ ಯಾರಾದ್ರೂ ನೇರವಾಗಿ ಬಂದು ಇಲ್ಲೇನು ಮಾಡ್ತಿದೀರಾ ಅಂತ ಕೇಳಿದ್ರೆ ಇದ್ದದ್ದು ಇದ್ದ ಹಾಗೆ ಹೇಳ್ಬಿಡಿ, ಆಪ್ ತೋರಿಸಿ. ಪೊಲೀಸರು ಕೇಳಿದ್ರಂತೂ ಮೊದಲ ಮಾತಲ್ಲೇ ಹೇಳಿ, ಕೈಗಳು ಕಾಣೋ ಹಾಗೆ ನಿಂತ್ಕೊಳ್ಳಿ, ಓಡಿಹೋಗೋದು, ಏನೋ ನೆಪ ಹೇಳೋದು ಬೇಡ. ಪರದೇಶದಲ್ಲಿ ನಮ್ಮ ಬಣ್ಣದವರು ಪೊದೆ ಹಿಂದೆ ಬಗ್ಗಿ ಹುಡುಕ್ತಿದ್ರೆ ಅಕ್ಕಪಕ್ಕದವರಿಗೆ ಅನುಮಾನ ಬೇಗ ಬರುತ್ತೆ, ನಂಗೇ ಎರಡು ಸಲ ಅನುಭವ ಆಗಿದೆ, ಎರಡೂ ಸಲ ನಿಜ ಹೇಳಿದ್ದಕ್ಕೆ ಎರಡು ನಿಮಿಷದಲ್ಲಿ ಮುಗೀತು. ಮಕ್ಕಳ ಆಟದ ಮೈದಾನದ ಪಕ್ಕ ಇರೋ ಡಬ್ಬಿಗೆ ಮೊಮ್ಮಗ ಜೊತೆಗಿಲ್ದೆ ನೀವೊಬ್ಬರೇ ಹೋಗ್ಬೇಡಿ, ಇದು ನಿಯಮ ಅಲ್ಲ, ನನ್ನ ಕಳಕಳಿ.

ಪ್ರಶ್ನೆ: ಡಿಸೆಂಬರಲ್ಲಿ ಮೂರು ವಾರ ಊರಿಗೆ, ಶಿವಮೊಗ್ಗ ಜಿಲ್ಲೆಯ ಸಾಗರಕ್ಕೆ ಹೋಗ್ತಿದೀನಿ. ಅಲ್ಲಿ ಒಂದು ಕ್ಯಾಶ್ ಇಟ್ಟು ಬರ್ಬೇಕು ಅಂತ ತುಂಬಾ ಆಸೆ. ಇಲ್ಲಿಂದ ಮಿಲಿಟರಿಯವರು ಗುಂಡು ತುಂಬಿಡೋ ಅಮ್ಮೋ ಬಾಕ್ಸ್ ತಗೊಂಡು ಹೋಗ್ಲಾ?

ಬೇಡಮ್ಮಾ, ಬಾಕ್ಸಂತೂ ಬೇಡವೇ ಬೇಡ. ಅಮೆರಿಕದ ಕಾಡಲ್ಲಿ ಅದು ಮೆಚ್ಚಿನ ಡಬ್ಬಿ, ನೀರು ಹೋಗಲ್ಲ, ಕರಡಿಗೂ ಜಗ್ಗಲ್ಲ, ನಿಜ. ನಮ್ಮೂರಲ್ಲಿ ಯಾರೋ ಒಬ್ಬರು ಕಾಡಂಚಲ್ಲಿ ಹಸಿರು ಕಬ್ಬಿಣದ ಪೆಟ್ಟಿಗೆ ನೋಡಿದ್ರೆ ಪೊಲೀಸ್, ಜನ ಎಲ್ಲ ಸೇರ್ತಾರೆ. ಇದು ಭಾರತದ ಕಥೆ ಮಾತ್ರ ಅಲ್ಲ, 2011ರಲ್ಲಿ ಇಂಗ್ಲೆಂಡಿನ ವೆದರ್ಬಿ ಪೇಟೆಯಲ್ಲಿ ಒಂದು ಪುಟ್ಟ ಡಬ್ಬಿಯನ್ನ ಬಾಂಬ್ ಅಂದ್ಕೊಂಡು ಬಾಂಬ್ ಸ್ಕ್ವಾಡಿನವರು ಬಂದು ಸ್ಫೋಟಿಸಿದ್ರು. ಅದಕ್ಕೇ ಹೊರಗೆ ಸರಿಯಾಗಿ ಇದೇನು ಅಂತ ಬರ್ದಿರೋ, ಒಳಗಿರೋದು ಕಾಣೋ ಪಾರದರ್ಶಕ ಡಬ್ಬಿ ವಾಸಿ. ರೈಲ್ವೆ ಸ್ಟೇಷನ್, ಅಣೆಕಟ್ಟು, ಸೇತುವೆ ಹತ್ರ ಸುಳೀಲೇಬೇಡಿ, ದೇವಸ್ಥಾನದ ಗೋಡೆ ಸಂದಿಗೆ ತುರುಕಬೇಡಿ, ಜಾಗ ಯಾರದ್ದೋ ಅವರ ಅನುಮತಿ ಬೇಕು, ಅಭಯಾರಣ್ಯ ಆದ್ರೆ ಅರಣ್ಯ ಇಲಾಖೆಯದ್ದು.

ಇದಕ್ಕಿಂತ ದೊಡ್ಡ ವಿಷಯ ಏನಂದ್ರೆ ರಜೆಗೆ ಹೋದಾಗ ಇಟ್ಟು ಬರೋ ಡಬ್ಬಿಯನ್ನ ರಿವ್ಯೂವರ್ ಸುಲಭಕ್ಕೆ ಒಪ್ಪಲ್ಲ. ರಿವ್ಯೂವರ್ ಅಂದ್ರೆ ಸಂಬಳ ಇಲ್ದೆ ಕೆಲಸ ಮಾಡೋ ಸ್ವಯಂಸೇವಕರು, ಪ್ರತಿ ಹೊಸ ಡಬ್ಬಿನೂ ಅವರು ನೋಡಿಯೇ ಪ್ರಕಟ ಆಗೋದು. ಅವರು ಮೊದಲು ಕೇಳೋದೇ ಕೆಟ್ಟು ಹೋದ್ರೆ ಯಾರು ಹೋಗಿ ರಿಪೇರಿ ಮಾಡ್ತಾರೆ ಅಂತ. ಸಾಗರದ ಮಳೆ ನಿಮಗೆ ನಾನು ಹೇಳ್ಬೇಕಾ, ಜೂನಿಂದ ಸೆಪ್ಟೆಂಬರ್ ಒಳಗೆ ಎಂಥಾ ಡಬ್ಬಿಯಲ್ಲಿರೋ ಕಾಗದನೂ ಬೂಷ್ಟು ಹಿಡಿಯುತ್ತೆ. ತಮ್ಮನೋ ಅತ್ತಿಗೆನೋ ಯಾರಾದ್ರೂ ಖಾತೆ ಮಾಡ್ಕೊಂಡು ನಾನು ನೋಡ್ಕೊಳ್ತೀನಿ ಅಂತ ಒಪ್ಪಿದ್ರೆ ಅವರ ಹೆಸರು ಕೊಟ್ಟು ಕೇಳಿ. ಬಾಯಿಮಾತಿಗೆ ಹೂಂ ಅಂದ್ರೆ ಸಾಲದು, ಇಂಬಳ ಕಚ್ಚಿಸ್ಕೊಂಡು ಆಗಸ್ಟಲ್ಲಿ ಹೋಗಿ ನೋಡ್ಬೇಕು.

ಯಾರೂ ಇಲ್ಲ ಅಂದ್ರೆ ಅರ್ತ್‌ಕ್ಯಾಶ್ ಬಗ್ಗೆ ಯೋಚನೆ ಮಾಡಿ. ಅದರಲ್ಲಿ ಡಬ್ಬಿಯೇ ಇಲ್ಲ, 2004ರಲ್ಲಿ ಅಮೆರಿಕದ ಭೂವಿಜ್ಞಾನ ಸಂಘದವರು ಶುರು ಮಾಡಿದ್ದು. ಬಂದವರು ಬಂಡೆನೋ ಜಲಪಾತನೋ ಕಣ್ಣಿಟ್ಟು ನೋಡಿ ನಿಮ್ಮ ಪ್ರಶ್ನೆಗಳಿಗೆ ಉತ್ತರ ಬರ್ದು ಕಳಿಸ್ಬೇಕು. ಲಾಲ್‌ಬಾಗಿನ ಸುಮಾರು 300 ಕೋಟಿ ವರ್ಷದ ಬಂಡೆ, ಮಲ್ಪೆ ಆಚೆಯ ಸೇಂಟ್ ಮೇರೀಸ್ ದ್ವೀಪದ ಕಂಬ ಕಂಬವಾಗಿ ನಿಂತಿರೋ ಲಾವಾ ಕಲ್ಲು, ಇಂಥ ಜಾಗಗಳಿಗೆ ಹೇಳಿ ಮಾಡಿಸಿದ್ದು. ಮೊದಲು ಮ್ಯಾಪ್ ನೋಡಿ, ನಿಮಗಿಂತ ಮುಂಚೆ ಯಾರಾದ್ರೂ ಮಾಡಿರ್ಬೋದು. ನೀವೇ ಒಂದು ಮಾಡಿದ್ರೆ ಅಮೆರಿಕದಲ್ಲಿ ಕೂತೇ ಬಂದವರ ಉತ್ತರ ನೋಡ್ಬೋದು, ಆದ್ರೆ ನೋಡ್ಲೇಬೇಕು, ಬಂದ ಪತ್ರಕ್ಕೆ ಸುಮ್ಮನಿರೋ ಹಾಗಿಲ್ಲ.

ಪ್ರಶ್ನೆ: ನನ್ನ ಕ್ಯಾಶ್ ತಿರಸ್ಕಾರ ಆಯ್ತು, ಇನ್ನೊಂದು ಹತ್ತಿರ ಇದೆ ಅಂತೆ. ಮ್ಯಾಪಲ್ಲಿ ಅಲ್ಲಿ ಏನೂ ಇಲ್ಲ! ರಿವ್ಯೂವರಿಗೆ ನನ್ನ ಮೇಲೆ ಏನೋ ಕೋಪ ಅನ್ಸುತ್ತೆ.

ಕೋಪ ಅಲ್ಲ. ಎರಡು ಡಬ್ಬಿಗಳ ಮಧ್ಯೆ 161 ಮೀಟರ್, ಅಂದ್ರೆ ಮೈಲಿಯ ಹತ್ತನೇ ಒಂದು ಭಾಗ, ಇರ್ಲೇಬೇಕು. ಒಗಟು ಬಿಡಿಸಿದ ಮೇಲೆ ಸಿಗೋ ಜಾಗ, ಹಲವು ಹಂತದ ಆಟದಲ್ಲಿ ಕೊನೇ ಡಬ್ಬಿ ಇರೋ ಜಾಗ ಮ್ಯಾಪಲ್ಲಿ ಕಾಣಲ್ಲ, ರಿವ್ಯೂವರಿಗೆ ಮಾತ್ರ ಕಾಣುತ್ತೆ, ನಿಮಗೆ ಹೇಳಿದ್ರೆ ಆ ಆಟ ಕೆಡುತ್ತೆ ಅಂತ ಅವರು ಪೂರ್ತಿ ಬಿಡಿಸಿ ಹೇಳಲ್ಲ. ಮರ್ಯಾದೆಯಿಂದ ಬರ್ದು ಯಾವ ದಿಕ್ಕಿಗೆ ಎಷ್ಟು ಸರಿದ್ರೆ ಆಗುತ್ತೆ ಅಂತ ಕೇಳಿ ನೋಡಿ.

ಪ್ರಶ್ನೆ: ಬಚ್ಚಿಟ್ಟ ಜಾಗದ ಫೋಟೋ ಲಾಗಲ್ಲಿ ಹಾಕ್ಬೋದಾ? ಮೊದಲು ಹುಡುಕಿದವರಿಗೆ ಬಹುಮಾನ ಇದೆಯಾ?

ಜಾಗ ಬಿಟ್ಟುಕೊಡೋ ಫೋಟೋ ಬೇಡ, ಸುತ್ತಲಿನ ನೋಟ, ನಿಮ್ಮ ಮುಖ, ನಾಯಿ ಎಲ್ಲ ಹಾಕಿ. ಬಹುಮಾನ ಅಂತ ನಿಯಮ ಇಲ್ಲ, ಮೊದಲು ಹುಡುಕಿದವರು ಎಫ್‌ಟಿಎಫ್ (ಫಸ್ಟ್ ಟು ಫೈಂಡ್) ಅಂತ ಬರ್ಕೊಳ್ಳೋದು ಆಟಗಾರರ ರೂಢಿ ಅಷ್ಟೇ. ಅದಕ್ಕೋಸ್ಕರ ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕಿರೋ ಪಾರ್ಕಿಗೆ ನುಗ್ಗೋದು ತಪ್ಪು.

ಪ್ರಶ್ನೆ: ನಮ್ಮ ಮನೆ ಹಿಂದಿನ ಟ್ರೇಲಲ್ಲಿ ಹಳೇ ಕ್ಯಾಶ್ ಇದೆ, ಮುಚ್ಚಳ ಸೀಳಿದೆ, ಲಾಗ್‌ಬುಕ್ ಮುದ್ದೆ ಆಗಿದೆ. ಇಟ್ಟವರು ಮೂರು ವರ್ಷದಿಂದ ಯಾರಿಗೂ ಉತ್ತರ ಕೊಟ್ಟಿಲ್ಲ. ನಾನೇ ಹೊಸ ಡಬ್ಬಿ ಇಟ್ಟುಬಿಡ್ಲಾ?

ಒಂದು ಒಣ ಕಾಗದ ಮಡಚಿ ಪುಟ್ಟ ಜಿಪ್ ಕವರಲ್ಲಿ ಹಾಕಿ ಒಳಗಿಟ್ಟು ಬನ್ನಿ, ಅದು ಉಪಕಾರ. ಹೊಸ ಡಬ್ಬಿ ಮಾತ್ರ ಇಟ್ಟವರನ್ನ ಕೇಳದೆ ಇಡ್ಬೇಡಿ, ಹಳೇದು ಅಲ್ಲೇ ಇದ್ದು ಹೊಸದೂ ಬಂದ್ರೆ ಯಾವುದು ನಿಜ ಅಂತ ಗೊಂದಲ, ಜೊತೆಗೆ ಸತ್ತುಹೋದ ಆಟಕ್ಕೆ ಸುಮ್ನೆ ಉಸಿರು ತುಂಬಿದ ಹಾಗೆ ಆಗುತ್ತೆ. ಆಪಲ್ಲಿ ಇಟ್ಟವರ ಗಮನಕ್ಕೆ ಅನ್ನೋ ಲಾಗ್ ಹಾಕಿ, ಕೆಲವು ವಾರ ಕಾದು ನೋಡಿ, ಆಗ್ಲೂ ಸುದ್ದಿ ಇಲ್ಲ ಅಂದ್ರೆ ರಿವ್ಯೂವರ್ ಗಮನಕ್ಕೆ ಅಂತ ಹಾಕಿ. ದೂರು ಕೊಟ್ಟ ಹಾಗೆ ಅಂತ ಸಂಕೋಚ ಪಡ್ಬೇಡಿ, ಅದಕ್ಕೇ ಇರೋ ಲಾಗ್ ಅದು. ಅವರ ಒಪ್ಪಿಗೆ ಇಲ್ದೆ ಡಬ್ಬಿಯನ್ನ ದತ್ತು ತಗೊಳ್ಳೋಕೆ ಆಗಲ್ಲ, ಆದ್ರೆ ರಿವ್ಯೂವರ್ ಅದನ್ನ ಮುಚ್ಚಿದ ಮೇಲೆ ಆ ಜಾಗ ಖಾಲಿ, ಅಲ್ಲಿ ನಿಮ್ಮ ಹೆಸರಲ್ಲೇ ಹೊಸದು ಇಡ್ಬೋದು. ಹಳೇ ಡಬ್ಬಿ ಅಲ್ಲೇ ಕೊಳೀತಾ ಬಿದ್ದಿದ್ರೆ ಒಂದು ಸಂದೇಶ ಕಳಿಸಿ ಎತ್ಕೊಂಡು ಬನ್ನಿ, ಲಾಗ್‌ಬುಕ್ ಕಸಕ್ಕೆ ಹಾಕ್ಬೇಡಿ, ನಿಧಾನಕ್ಕೆ ಹಾಳೆ ಬಿಡಿಸಿ ನೆರಳಲ್ಲಿ ಒಣಗ್ಸಿ ಇಟ್ಕೊಳ್ಳಿ. ಇಟ್ಟವರು ಯಾವತ್ತಾದ್ರೂ ವಾಪಸ್ ಬಂದು ಕೇಳ್ಬೋದು.