ಇಲಿಯ ಥೈಮಸ್ (ಎದೆಯೊಳಗಿನ, ರೋಗನಿರೋಧಕ ಟಿ ಕೋಶಗಳು ಬೆಳೆಯುವ ಗ್ರಂಥಿ) ಕೋಶಗಳಲ್ಲಿ ಟಿಎಲ್ ಪ್ರೋಟೀನ್ ಕಾಣ್ತಿಲ್ಲ, ಜೀನ್ ಮಾತ್ರ ಇದೆ. ಅದನ್ನು ಹಿಡಿದು ತೋರಿಸೋ ಆಂಟಿಬಾಡಿಯನ್ನ ಬೇರೆ ಕಂಪನಿಯಿಂದ ತರಿಸಲಾ?

ತರಿಸಬೇಡಿ. ನಾನು ಎರಡು ಸಲ ತರಿಸಿ ಎಂಟು ತಿಂಗಳು ಕಳೆದುಕೊಂಡೆ.

ಆಗ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪಿಎಚ್‌ಡಿ ಶುರು ಮಾಡಿದ್ದೆ. ಇಲಿಗಳ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಕೋಶಗಳ ಮೇಲೆ ಟಿಎಲ್ ಇದೆಯಾ ಅಂತ ನೋಡಬೇಕಿತ್ತು. ಅದಕ್ಕೂ ಮೊದಲು ಆಂಟಿಬಾಡಿ ಸರಿಯಾಗಿ ಹಿಡಿಯುತ್ತಾ ಅಂತ ಗೊತ್ತಾಗಬೇಕಲ್ವಾ? ಟಿಎಲ್ ಅಂದರೇ ಥೈಮಸ್ ಲ್ಯುಕೇಮಿಯಾ ಆಂಟಿಜೆನ್. ಹಾಗಾಗಿ ಆರೋಗ್ಯವಾಗಿದ್ದ ಇಲಿಯ ಥೈಮಸ್ಸನ್ನೇ ಪಾಸಿಟಿವ್ ಕಂಟ್ರೋಲ್, ಅಂದರೆ ಟಿಎಲ್ ಇದ್ದೇ ಇರುತ್ತೆ ಅಂತ ನಂಬಿದ ಮಾದರಿ, ಮಾಡಿಕೊಂಡೆ. ಹೃದಯದ ಮೇಲೆ ಕೂತಿರುವ ಆ ಎರಡು ಬಿಳಿ ಎಸಳುಗಳನ್ನು ಜಾಲರಿ ಮೇಲಿಟ್ಟು ಸಿರಿಂಜಿನ ಹಿಂಬದಿಯಿಂದ ಉಜ್ಜಿದರೆ, ನೀರು ಮಜ್ಜಿಗೆಯ ಹಾಗೆ ಕೋಶಗಳು ತಟ್ಟೆಗೆ ಇಳಿಯುತ್ತವೆ. ಕೋಶಗಳಿಗೆ ಆಂಟಿಬಾಡಿ ಅಂಟಿದೆಯಾ ಅಂತ ಒಂದೊಂದಾಗಿ ಅಳೆಯೋ ಫ್ಲೋ ಮಷಿನ್‌ಗೆ ಹಾಕಿದೆ. ಆಂಟಿಬಾಡಿ ಹಾಕಿದ ಕೋಶಗಳ ಗ್ರಾಫ್, ಹಾಕದವುಗಳ ಗ್ರಾಫಿನ ಮೇಲೆ ಅಚ್ಚೊತ್ತಿದ ಹಾಗೆ ಕೂತಿತು. ಬಫರ್ ಬದಲಾಯಿಸಿದೆ, ಪ್ರಮಾಣ ಬದಲಾಯಿಸಿದೆ, ಬಾಟಲಿ ಬದಲಾಯಿಸಿದೆ. ಪ್ರತಿ ಬಾಟಲಿಗೂ ವಾರಗಟ್ಟಲೆ ಕಾದೆ.

ಒಂದು ದಿನ ಅನಿಮಲ್ ಹೌಸಿನ ಅಣ್ಣ ಕೇಳಿದರು, 'ಮೇಡಂ, ಈ ಸಲಾನೂ ಕರಿ ಇಲೀನೇನಾ?' ಥಟ್ಟನೆ ಹೊಳೆಯಿತು. ನಾನು ಓದಿದ್ದ ಹಳೆಯ ಪೇಪರ್ 'ಎ' ಅನ್ನೋ ಸ್ಟ್ರೇನಿನ (ತಳಿಯ) ಬಿಳಿ ಇಲಿಗಳದ್ದು. ನನ್ನ ಕೈಲಿದ್ದದ್ದು ಸಿ57ಬ್ಲ್ಯಾಕ್/6, ಬ್ಲ್ಯಾಕ್ ಸಿಕ್ಸ್ ಅನ್ನೋ ಕರಿ ತಳಿ.

ನನ್ನ ತಪ್ಪು ಇದೊಂದೇ, ಬಿಡಿಸಿ ಹೇಳ್ತೀನಿ. ಪೇಪರಿನಲ್ಲಿ 'ಥೈಮಸ್' ಅನ್ನೋದನ್ನ ಓದಿದೆ, ಸ್ಟ್ರೇನಿನ ಹೆಸರನ್ನು ಓದಲಿಲ್ಲ. ಟಿಎಲ್ ಜೀನ್‌ಗಳು ಇಲಿಯ 17ನೇ ಕ್ರೋಮೊಸೋಮಿನಲ್ಲಿ ಎಚ್-2 ಅನ್ನೋ ರೋಗನಿರೋಧಕ ಜೀನ್‌ಗಳ ಗುಂಪಿನ ಪಕ್ಕದಲ್ಲೇ ಇವೆ. ಬ್ಲ್ಯಾಕ್ ಸಿಕ್ಸಿನಲ್ಲೂ ಇವೆ. ಇದೆ ಅಂದಮೇಲೆ ಕೋಶದ ಮೇಲೆ ಕಾಣಲೇಬೇಕು ಅಂದುಕೊಂಡೆ. ಆದರೆ ಬ್ಲ್ಯಾಕ್ ಸಿಕ್ಸಿನ ಆರೋಗ್ಯವಂತ ಥೈಮಸ್ಸಿನಲ್ಲಿ ಅದು ಸುಮ್ನೆ ಮಲಗಿರುತ್ತೆ. ಅದೇ ಇಲಿಗೆ ಲ್ಯುಕೇಮಿಯಾ ಬಂದರೆ ಟಿಎಲ್ ಮೇಲೆದ್ದು ಬರಬಹುದು. 1963ರಿಂದ ಓಲ್ಡ್, ಬಾಯ್ಸ್, ಸ್ಟಾಕರ್ಟ್ ಅನ್ನೋ ವಿಜ್ಞಾನಿಗಳು ಬೆನ್ನು ಹತ್ತಿದ್ದು ಇದನ್ನೇ. ಬಣ್ಣ ನೋಡಿ ನಿರ್ಧಾರ ಮಾಡಬೇಡಿ. ಎಕೆಆರ್ ಅನ್ನೋ ತಳಿಯ ಇಲಿಯೂ ಬಿಳಿ, ಅದರ ಥೈಮಸ್ಸಿನಲ್ಲೂ ಟಿಎಲ್ ಇಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತೀನಿ. ಮೊದಲು ಪಂಜರದ ಕಾರ್ಡ್ ನೋಡಿ. ಬ್ಲ್ಯಾಕ್ ಸಿಕ್ಸ್ ಅಂತಿದ್ದರೆ ನಿಮಗೆ ಬಂದಿರೋದು ಸರಿಯಾದ ಫಲಿತಾಂಶ. ಆ ಥೈಮಸ್ಸನ್ನು ನೆಗೆಟಿವ್ ಕಂಟ್ರೋಲ್ (ಟಿಎಲ್ ಇಲ್ಲದ ಮಾದರಿ) ಆಗಿ ಇಟ್ಟುಕೊಳ್ಳಿ. ಪಾಸಿಟಿವ್‌ಗೆ ಅದೇ ಇಲಿಯ ಸಣ್ಣ ಕರುಳಿನ ಒಳಪದರದ ಕೋಶ ತಗೊಳ್ಳಿ, ಅಲ್ಲಿ ಟಿಎಲ್ ಇರುತ್ತೆ. ಲ್ಯುಕೇಮಿಯಾ ಕೋಶಗಳಿಗೆ ಹೋದಾಗ ಇನ್ನೊಂದು ಎಚ್ಚರ. ಜೀವಂತ ಕೋಶಕ್ಕೆ 37 ಡಿಗ್ರಿಯಲ್ಲಿ ಆಂಟಿಬಾಡಿ ಹಾಕಿ ಬಿಟ್ಟರೆ ಮೇಲಿರುವ ಟಿಎಲ್ಲೇ ಮಾಯವಾಗುತ್ತೆ. ಶುರುವಿಂದ ಕೊನೆವರೆಗೂ ಐಸ್ ಮೇಲೆಯೇ ಇಡಿ.