ಅಪರಾಧ, ಶಿಕ್ಷೆಗೆ ಸಂಬಂಧಿಸಿದ ಇಂಗ್ಲಿಷ್ ಪದಗಳನ್ನು ಕಲಿಯುವುದು ಹೇಗೆ?

ಸಿಂಧನೂರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಪದವಿ ಮುಗಿಸಿ ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದೀರಿ. ಇನ್ನೂರು ಪದಗಳ ಪಟ್ಟಿ ಬಾಯಿಪಾಠ ಆಗಿದೆ, ಆದರೂ ಭಾಷಾಂತರದ ಪ್ರಶ್ನೆ ಎದುರಾದರೆ ಒಂದು ವಾಕ್ಯ ನೆಟ್ಟಗೆ ಬರುವುದಿಲ್ಲ ಎಂದು ಬರೆದಿದ್ದೀರಿ. ನಿಮ್ಮ ನೆನಪಿನ ಶಕ್ತಿಯಲ್ಲಿ ದೋಷವಿಲ್ಲ. ಪಟ್ಟಿಯಲ್ಲಿ ಪದದ ಅರ್ಥ ಮಾತ್ರ ಇರುತ್ತದೆ. ಆ ಕೆಲಸ ಮಾಡುವವರು ಯಾರು, ಯಾವ ಹಂತದಲ್ಲಿ, ಪದದ ನಂತರ ಯಾವ ಪ್ರಿಪೊಸಿಷನ್ ಬರಬೇಕು ಎಂಬುದು ಇರುವುದಿಲ್ಲ. ವಾಕ್ಯ ಮುರಿಯುವುದು ಅಲ್ಲೇ.

ಆದ್ದರಿಂದ ಅಕ್ಷರಮಾಲೆಯ ಕ್ರಮ ಬಿಟ್ಟು ಒಂದು ಪ್ರಕರಣ ನಡೆಯುವ ಕ್ರಮದಲ್ಲಿ ಕಲಿಯಿರಿ. ಆ ಕ್ರಮ ಕನ್ನಡದಲ್ಲಿ ನಿಮಗೆ ಆಗಲೇ ಗೊತ್ತು: ದೂರು, ಎಫ್ಐಆರ್, ತನಿಖೆ, ಬಂಧನ, ಕಸ್ಟಡಿ, ಜಾಮೀನು, ಚಾರ್ಜ್‌ಶೀಟ್, ವಿಚಾರಣೆ, ತೀರ್ಪು, ಶಿಕ್ಷೆ, ಮೇಲ್ಮನವಿ. ನಿಜಾಮರ ಆಡಳಿತದಲ್ಲಿದ್ದ ರಾಯಚೂರು, ಕೊಪ್ಪಳದ ಕಡೆಯವರಿಗೆ ಇನ್ನೊಂದು ಅನುಕೂಲ ಇದೆ. ಗುನ್ನೆ, ಫಿರ್ಯಾದಿ, ಜಪ್ತಿ, ಪಂಚನಾಮೆ ಇವೆಲ್ಲ ಮನೆಯಲ್ಲೇ ಕಿವಿಗೆ ಬಿದ್ದ ಮಾತು. ಗುನ್ನೆ ಎಂದರೆ ಕ್ರೈಮ್, ಫಿರ್ಯಾದಿ ಎಂದರೆ ಕಂಪ್ಲೇನೆಂಟ್, ಜಪ್ತಿ ಎಂದರೆ ಸೀಜರ್. ಪಂಚನಾಮೆಯನ್ನು ನಮ್ಮ ಇಂಗ್ಲಿಷ್ ಪತ್ರಿಕೆಗಳೂ ಹಾಗೆಯೇ ಬರೆಯುತ್ತವೆ.

ಈಗ ನಿಜವಾಗಿ ಕಷ್ಟ ಕೊಡುವ ಭಾಗ. ಕನ್ನಡದಲ್ಲಿ 'ಅವನ ಮೇಲೆ' ಎಂಬ ಒಂದೇ ಮಾತು ಬಹುತೇಕ ಎಲ್ಲ ಹಂತಕ್ಕೂ ಸಾಕು: ಅನುಮಾನ ಅವನ ಮೇಲೆ, ಆರೋಪ ಅವನ ಮೇಲೆ, ಕೇಸು ಅವನ ಮೇಲೆ. ಅದೇ ಅಭ್ಯಾಸದಲ್ಲಿ 'ಪುಟ್ ಕೇಸ್ ಆನ್ ಹಿಮ್' ಎಂದು ಬರೆದುಬಿಡುತ್ತೇವೆ. ಇಂಗ್ಲಿಷಿನಲ್ಲಿ ಕ್ರಿಯಾಪದ ಬದಲಾದಂತೆ ಪ್ರಿಪೊಸಿಷನ್ನೂ ಬದಲಾಗುತ್ತದೆ. ಸಸ್ಪೆಕ್ಟ್ (ಅನುಮಾನಿಸು), ಅಕ್ಯೂಸ್ (ಆರೋಪಿಸು), ಕನ್ವಿಕ್ಟ್ (ಅಪರಾಧಿ ಎಂದು ತೀರ್ಮಾನಿಸು), ಅಕ್ವಿಟ್ (ಖುಲಾಸೆ ಮಾಡು) ಈ ನಾಲ್ಕಕ್ಕೂ 'ಆಫ್' ಬರುತ್ತದೆ: 'ಅಕ್ಯೂಸ್ಡ್ ಆಫ್ ಥೆಫ್ಟ್', 'ಅಕ್ವಿಟೆಡ್ ಆಫ್ ಮರ್ಡರ್'. 'ಗಿಲ್ಟಿ' ಪದಕ್ಕೂ 'ಆಫ್'. ಅರೆಸ್ಟ್‌ಗೆ 'ಫಾರ್', ಚಾರ್ಜ್‌ಗೆ 'ವಿತ್', ಸೆಂಟೆನ್ಸ್‌ಗೆ 'ಟು'. ಕೇಸು ಹಾಕುವುದಕ್ಕೆ 'ಫೈಲ್ಡ್ ಎ ಕೇಸ್ ಅಗೇನ್ಸ್ಟ್ ಹಿಮ್'. ಒಬ್ಬನೇ ವ್ಯಕ್ತಿಯನ್ನು ಅನುಮಾನದಿಂದ ಶಿಕ್ಷೆಯವರೆಗೆ ನಡೆಸಿ ಇಷ್ಟನ್ನೂ ಒಂದೇ ಪ್ಯಾರಾದಲ್ಲಿ ಬರೆಯಿರಿ. ನನ್ನ ಲೆಕ್ಕದಲ್ಲಿ ಈ ಒಂದು ಪ್ಯಾರಾ ಗಟ್ಟಿಯಾದರೆ ಅರ್ಧ ಕೆಲಸ ಮುಗಿದಂತೆ.

ಎರಡನೆಯ ಗೊಂದಲ ಕಳ್ಳತನದ ಪದಗಳದು. ನಮ್ಮ ಕಡೆ ತುಡುಗು ಎಂದರೆ ಸಾಕು, ಪತ್ರಿಕೆಗಳೂ ದರೋಡೆ ಎಂಬ ಪದವನ್ನು ಕೈಬಿಚ್ಚಿ ಬಳಸುತ್ತವೆ. ಇಂಗ್ಲಿಷಿನಲ್ಲಿ ಬೇರೆ ಬೇರೆ ಮಾಡಲೇಬೇಕು. ಮಾನ್ವಿಯ ಹೊಲದಲ್ಲಿ ರಾತ್ರಿ ಯಾರೋ ಪಂಪ್‌ಸೆಟ್ ಕೇಬಲ್ ಕತ್ತರಿಸಿ ಒಯ್ದರೆ ಥೆಫ್ಟ್. ಗಂಗಾವತಿಯಲ್ಲಿ ಬೀಗ ಮುರಿದು ಮನೆಗೆ ನುಗ್ಗಿ ಒಯ್ದರೆ ಬರ್ಗ್ಲರಿ, ನಮ್ಮ ಕಾನೂನಿನ ಭಾಷೆಯಲ್ಲಿ ಹೌಸ್ ಬ್ರೇಕಿಂಗ್. ಬಳ್ಳಾರಿಯ ರಸ್ತೆಯಲ್ಲಿ ಬೈಕಿನಲ್ಲಿ ಬಂದು ಸರ ಕಿತ್ತುಕೊಂಡು ಹೋದರೆ ಸ್ನ್ಯಾಚಿಂಗ್. ಭಾರತೀಯ ನ್ಯಾಯ ಸಂಹಿತೆಯ 304ನೇ ಕಲಂ ಇದನ್ನು ಪ್ರತ್ಯೇಕ ಅಪರಾಧ ಮಾಡಿದೆ. ಚಾಕು ತೋರಿಸಿ ಅಲ್ಲೇ ಹಣ ಕಿತ್ತುಕೊಂಡರೆ ರಾಬರಿ. ಅದನ್ನೇ ಐದು ಅಥವಾ ಅದಕ್ಕಿಂತ ಹೆಚ್ಚು ಜನ ಸೇರಿ ಮಾಡಿದರೆ ಡಕಾಯಿಟಿ. ಹೆದರಿಸಿ, ಸಂತ್ರಸ್ತನೇ ತನ್ನ ಕೈಯಾರೆ ಕೊಡುವಂತೆ ಮಾಡಿದರೆ ಎಕ್ಸ್‌ಟಾರ್ಷನ್.

ಇವನ್ನೆಲ್ಲ ಒಂದೇ ದಿನ ಕಲಿಯಬೇಡಿ. ಹತ್ತಿರದ ಅರ್ಥದ ಪದಗಳನ್ನು ಒಟ್ಟಿಗೆ ಕಲಿತರೆ ಒಂದರ ಜಾಗದಲ್ಲಿ ಇನ್ನೊಂದು ನೆನಪಾಗುತ್ತದೆ. ಪಟ್ಟಿ ಓದಿದವರು ಪರೀಕ್ಷೆಯಲ್ಲಿ ಎಡವುವುದು ಇದರಿಂದಲೇ. ಮೊದಲು ಥೆಫ್ಟ್ ಒಂದೇ ಇರಲಿ. ಮೂರು ದಿನ ಅದರಲ್ಲಿ ವಾಕ್ಯ ಬರೆದ ಮೇಲೆ ರಾಬರಿ, ಆಮೇಲೆ ಬರ್ಗ್ಲರಿ. ಜೊತೆಗೆ ಕ್ರಿಯಾಪದವನ್ನೂ ನೋಡಿ: 'ಸ್ಟೀಲ್' ಆಗುವುದು ವಸ್ತು, 'ರಾಬ್' ಆಗುವುದು ವ್ಯಕ್ತಿ ಅಥವಾ ಜಾಗ. ಬೈಕನ್ನು ಸ್ಟೀಲ್ ಮಾಡುತ್ತಾರೆ, ಬ್ಯಾಂಕನ್ನು ರಾಬ್ ಮಾಡುತ್ತಾರೆ. 'ಐ ವಾಸ್ ಸ್ಟೋಲನ್' ಎಂದು ಬರೆದರೆ ನಿಮ್ಮನ್ನೇ ಕದ್ದೊಯ್ದರು ಎಂದಾಗುತ್ತದೆ.

ನೋಟ್‌ಬುಕ್ಕಿನ ಪುಟವನ್ನು ನಾಲ್ಕು ಕಾಲಂ ಮಾಡಿ: ಅಪರಾಧದ ಹೆಸರು, ಮಾಡಿದವನ ಹೆಸರು, ಕ್ರಿಯಾಪದ, ಒಂದು ಪೂರ್ತಿ ವಾಕ್ಯ. ಥೆಫ್ಟ್, ಥೀಫ್, ಸ್ಟೀಲ್. ಆರ್ಸನ್, ಆರ್ಸನಿಸ್ಟ್, ಸೆಟ್ ಫೈರ್ ಟು. ಫೋರ್ಜರಿ, ಫೋರ್ಜರ್, ಫೋರ್ಜ್. ಕ್ರಿಯಾಪದ ಸಿಗದ ಕಡೆ 'ಕಮಿಟ್' ಕೈಹಿಡಿಯುತ್ತದೆ. ಕ್ರೈಮ್ ಜೊತೆ 'ಡೂ' ಬೇಡ, 'ಕಮಿಟ್' ಇರಲಿ. ಕನ್ನಡ ಅರ್ಥಕ್ಕೆ ಕಾಲಂ ಕೊಟ್ಟಿಲ್ಲ, ಬೇಕಂತಲೇ. ಅರ್ಥ ಬರೆದಿದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ, ವಾಕ್ಯವನ್ನು ಓದುವುದೇ ಇಲ್ಲ. ಸ್ಪೆಲಿಂಗ್ ಮಾತ್ರ ಡಿಕ್ಷನರಿ ನೋಡಿಯೇ ಬರೆಯಿರಿ.

ದಿನದ ಅಭ್ಯಾಸ ಹೀಗಿರಲಿ. ಒಂದು ಘಟನೆಯನ್ನು ಮೊದಲು ಕನ್ನಡ ಪತ್ರಿಕೆಯಲ್ಲಿ ಓದಿ, ಆಮೇಲೆ ಅದೇ ಘಟನೆಯನ್ನು ಇಂಗ್ಲಿಷ್ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಓದಿ. ಘಟನೆ ಗೊತ್ತಿರುವುದರಿಂದ ಗಮನ ಪೂರ್ತಿ ಭಾಷೆಯ ಮೇಲೆ ನಿಲ್ಲುತ್ತದೆ. ಕ್ರಿಯಾಪದ ಮತ್ತು ಅದರ ನಂತರದ ಪ್ರಿಪೊಸಿಷನ್ನಿಗೆ ಮಾತ್ರ ಗೆರೆ ಎಳೆದು, ಐದಾರು ಆರಿಸಿ, ಊರು ಬದಲಿಸಿ ನೀವೇ ನಾಲ್ಕು ವಾಕ್ಯದ ಸುದ್ದಿ ಬರೆಯಿರಿ. ಮರುದಿನ, ಮೂರನೇ ದಿನ, ಒಂದು ವಾರದ ನಂತರ ಪುಟ ಮುಚ್ಚಿ ಮತ್ತೆ ಬರೆದು ತಾಳೆ ನೋಡಿ. ದಿನಕ್ಕೆ ಐದಾರಕ್ಕಿಂತ ಹೆಚ್ಚು ತೆಗೆದುಕೊಂಡರೆ ವಾರದ ಕೊನೆಗೆ ಮರುಓದು ಹೊರೆಯಾಗಿ ಎಲ್ಲವೂ ನಿಂತುಹೋಗುತ್ತದೆ.

ನ್ಯಾಯಾಲಯದ ಪದಗಳಲ್ಲಿ ಅರ್ಥವನ್ನೇ ಸರಿಯಾಗಿ ಹಿಡಿಯಬೇಕಾದವು ಕೆಲವಿವೆ. ಅಕ್ಯೂಸ್ಡ್ ಎಂದರೆ ಆರೋಪಿ, ಕನ್ವಿಕ್ಟ್ ಎಂದರೆ ಅಪರಾಧ ಸಾಬೀತಾದವನು. ಇವೆರಡನ್ನು ಅದಲುಬದಲು ಮಾಡುವುದು ಭಾಷೆಯ ತಪ್ಪಷ್ಟೇ ಅಲ್ಲ, ಒಬ್ಬ ಮನುಷ್ಯನಿಗೆ ಮಾಡುವ ಅನ್ಯಾಯ. ವಿಚಾರಣೆ ಮುಗಿಯದೆ ಜೈಲಿನಲ್ಲಿರುವವನು ಅಂಡರ್‌ಟ್ರಯಲ್. ವರ್ಡಿಕ್ಟ್ ಎಂದರೆ ತಪ್ಪಿತಸ್ಥ ಹೌದೋ ಅಲ್ಲವೋ ಎಂಬ ನಿರ್ಣಯ, ಸೆಂಟೆನ್ಸ್ ಎಂದರೆ ಶಿಕ್ಷೆ ಎಷ್ಟು ಎಂಬುದು. ವಿಚಾರಣೆಗೆ ಮೊದಲೇ ಕೈಬಿಟ್ಟರೆ ಡಿಸ್ಚಾರ್ಜ್, ವಿಚಾರಣೆ ನಡೆದು ಬಿಡುಗಡೆಯಾದರೆ ಅಕ್ವಿಟಲ್. ಜೈಲಿಗೆ ಕಳಿಸುವ ಬದಲು ಸನ್ನಡತೆಯ ಷರತ್ತಿನ ಮೇಲೆ ಬಿಟ್ಟರೆ ಪ್ರೊಬೇಷನ್. ಶಿಕ್ಷೆ ಅನುಭವಿಸುತ್ತಿರುವವನನ್ನು ಕೆಲವು ದಿನ ಹೊರಗೆ ಬಿಟ್ಟರೆ ನಮ್ಮಲ್ಲಿ ಪೆರೋಲ್. ಲೈಫ್ ಇಂಪ್ರಿಸನ್‌ಮೆಂಟ್ ಎಂದರೆ 14 ವರ್ಷ ಎಂದು ಬಹಳ ಗೈಡುಗಳು ಬರೆಯುತ್ತವೆ, ಅದು ತಪ್ಪು. ಅದು ಜೀವ ಇರುವವರೆಗಿನ ಶಿಕ್ಷೆ. ಮರಣದಂಡನೆಗೂ ಅವಕಾಶವಿರುವ ಅಪರಾಧದಲ್ಲಿ ಜೀವಾವಧಿ ಆಗಿದ್ದರೆ, ಶಿಕ್ಷೆ ಕಡಿತ (ರೆಮಿಷನ್) ಮಾಡಿ ಬಿಡುವ ಮೊದಲು ಕನಿಷ್ಠ ಕಳೆಯಬೇಕಾದ ಅವಧಿಯಷ್ಟೇ 14 ವರ್ಷ.

ವ್ಯಾಕರಣದಲ್ಲಿ ಎರಡು ಮಾತು. 'ಎವಿಡೆನ್ಸ್'ಗೆ ಬಹುವಚನ ಇಲ್ಲ, 'ಆ್ಯನ್ ಎವಿಡೆನ್ಸ್' ಎಂದೂ ಬರೆಯುವಂತಿಲ್ಲ. 'ಎ ಪೀಸ್ ಆಫ್ ಎವಿಡೆನ್ಸ್' ಸರಿ. ಗಲ್ಲಿಗೇರಿಸಿದರು ಎನ್ನಲು 'ಹ್ಯಾಂಗ್ಡ್', 'ಹಂಗ್' ಅಲ್ಲ. ಉಚ್ಚಾರದಲ್ಲಿ ಕನ್ವಿಕ್ಟ್, ಸಸ್ಪೆಕ್ಟ್ ಇವು ನಾಮಪದವಾದಾಗ ಒತ್ತು ಮೊದಲ ಭಾಗಕ್ಕೆ, ಕ್ರಿಯಾಪದವಾದಾಗ ಎರಡನೆಯದಕ್ಕೆ. ದೋಷಾರೋಪಣೆಯ ಪದವನ್ನು ಇಂಡಿಕ್ಟ್ ಎನ್ನಬೇಡಿ, ಅದು ಇಂಡೈಟ್.

ಹಳೆಯ ಗೈಡುಗಳ ಬಗ್ಗೆ ಎಚ್ಚರ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕೊಲೆಗೆ ಶಿಕ್ಷೆ ಹೇಳುವ 302 ಈಗ 103, ವಂಚನೆಯ 420 ಈಗ 318. ಕಮ್ಯುನಿಟಿ ಸರ್ವಿಸ್ ಎಂಬುದು ಶಿಕ್ಷೆಗಳ ಪಟ್ಟಿಗೆ ಹೊಸದಾಗಿ ಸೇರಿದೆ. ಆ ಜುಲೈ 1ಕ್ಕೆ ಮೊದಲು ನಡೆದ ಅಪರಾಧಗಳು ಹಳೆಯ ಕಲಂಗಳಲ್ಲೇ ನಡೆಯುವುದರಿಂದ ಪತ್ರಿಕೆಗಳಲ್ಲಿ ಎರಡೂ ಕಾಣುತ್ತವೆ.

ನಿಮ್ಮ ಗೆಳೆಯರು ವಿದೇಶಕ್ಕೆ ಹೋಗಲು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಓದುತ್ತಿದ್ದರೆ ಅವರಿಗೆ ಹೇಳಿ: ಡಕಾಯಿಟಿ, ರೌಡಿ ಶೀಟರ್, ಲಾಠಿ ಚಾರ್ಜ್ ನಮ್ಮ ದೇಶದ ಇಂಗ್ಲಿಷ್. ಡಕಾಯಿಟಿಯನ್ನು ಹೊರಗಿನವರಿಗೆ 'ಆರ್ಮ್ಡ್ ರಾಬರಿ ಬೈ ಎ ಗ್ಯಾಂಗ್' ಎಂದು ಬಿಡಿಸಿ ಬರೆಯಬೇಕು. ನಿಮ್ಮ ಪರೀಕ್ಷೆಗೆ ಆ ಪದಗಳೇ ಸಲ್ಲುತ್ತವೆ.

ಪತ್ರಿಕೆ ಸಲೀಸಾದ ಮೇಲೆ ಹೈಕೋರ್ಟಿನ ಕ್ರಿಮಿನಲ್ ಅಪೀಲಿನ ತೀರ್ಪು ಒಂದನ್ನು ತೆರೆಯಿರಿ. ರಾಯಚೂರಿನ ಪ್ರಕರಣಗಳು ಕಲಬುರಗಿ ಪೀಠಕ್ಕೆ, ಬಳ್ಳಾರಿ, ಕೊಪ್ಪಳದವು ಧಾರವಾಡ ಪೀಠಕ್ಕೆ ಹೋಗುತ್ತವೆ. ತೀರ್ಪುಗಳು ಹೈಕೋರ್ಟಿನ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಇಡೀ ತೀರ್ಪು ಓದಬೇಕಿಲ್ಲ. ಪ್ರಕರಣದ ಸಂಗತಿ ಹೇಳುವ ಆರಂಭದ ಪ್ಯಾರಾಗಳು, ಕೊನೆಯಲ್ಲಿ 'ಆರ್ಡರ್' ಎಂಬ ತಲೆಬರಹದ ಕೆಳಗಿನ ಸಾಲುಗಳು ಸಾಕು. ಸೆಟ್ ಅಸೈಡ್ (ರದ್ದು), ಅಪ್‌ಹೆಲ್ಡ್ (ಎತ್ತಿಹಿಡಿದದ್ದು), ಡಿಸ್ಮಿಸ್ಡ್ (ವಜಾ) ಈ ಮೂರೂ ಹೇಗೆ ಬಳಕೆಯಾಗುತ್ತವೆ ಎಂಬುದು ಅಲ್ಲೇ ಸಿಗುತ್ತದೆ.